ವಿಲಿಯಂ ಸುಲ್ಜರನ ಲೆಕ್ಕಪತ್ರ

ಕ್ರಿ. ಶ. 1912ನೆಯ ನವೆಂಬರ್ ತಿಂಗಳ 13ನೆಯ ದಿನ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಸರಕಾರಿ ಕಚೇರಿಯಲ್ಲಿ ಒಂದು ಲೆಕ್ಕಪತ್ರವು ದಾಖಲಾಯಿತು. ಅದನ್ನು ಒಪ್ಪಿಸಿದವನು ವಿಲಿಯಂ ಸುಲ್ಜರ್ ಎಂಬವನು. ಎಂಟು ದಿನಗಳ ಹಿಂದೆ ನಡೆದ ಚುನಾವಣೆಯಲ್ಲಿ ಆತನು ಆ ಸಂಸ್ಥಾನದ ಗವರ್ನರನಾಗಿ ಆಯ್ಕೆಯಾಗಿದ್ದನು. ಚುನಾವಣೆಯ ವೆಚ್ಚಕ್ಕೆಂದು ತನಗೆ 68 ದೇಣಿಗೆಗಳಿಂದ ಒಟ್ಟು 5,460 ಡಾಲರು ಬಂದಿತೆಂದೂ, ತಾನು ಮಾಡಿದ ಖರ್ಚು 7,724 ಡಾಲರೆಂದೂ ಅದರಲ್ಲಿ ಬರೆದಿದ್ದಿತು. ಇದು ಸತ್ಯವೆಂಬ ಪ್ರಮಾಣವೂ ಅದರ ಕೆಳಗೆ ಸುಲ್ಜರನ ರುಜುವೂ ಇದ್ದವು. ಬಂದುದಕ್ಕಿಂತ ವೆಚ್ಚವೇ ಹೆಚ್ಚು. ಉಮೇದುವಾರನು ತನ್ನ ಕೈಯಿಂದಲೇ ಎರಡು ಸಾವಿರ ಡಾಲರಿಗೂ ಮೇಲೆ ಕಳೆದುಕೊಂಡಂತೆ ಆಯಿತು. ಓದಿದವರು ಬಡವರ ಪಕ್ಷಪಾತಿಯಾದವನ ಲೆಕ್ಕ ಹೀಗೆಯೇ ಇರತಕ್ಕದ್ದೆಂದು ತಲೆದೂಗಿರಬೇಕು. ಹನ್ನೆರಡು ತಿಂಗಳು ಕಳೆಯುವುದರೊಳಗೆ ಆ ಹಾಳೆಯೇ ಆತನನ್ನು ಪೀಠದಿಂದ ಕೆಳಗಿಳಿಸಿತು. ನ್ಯೂಯಾರ್ಕಿನ ಗವರ್ನರುಗಳಲ್ಲಿ ಶಾಸನಸಭೆಯ ದೋಷಾರೋಪಣೆಗೆ ಗುರಿಯಾಗಿ ಪದಚ್ಯುತನಾದವನು ಆತನೊಬ್ಬನೇ.

ಭಾರತದಲ್ಲಿ ರಾಜ್ಯಪಾಲರು ನೇಮಕದಿಂದ ಬರುವವರು. ಅವರಿಗೆ ಚುನಾವಣೆಯೂ ಇಲ್ಲ, ಚುನಾವಣೆಯ ಖರ್ಚೂ ಇಲ್ಲ. ಅಮೆರಿಕದ ಸಂಸ್ಥಾನಗಳಲ್ಲಿ ಹಾಗಲ್ಲ. ಅಲ್ಲಿ ಗವರ್ನರನೇ ಸಂಸ್ಥಾನದ ಆಡಳಿತಕ್ಕೆ ನಿಜವಾದ ಒಡೆಯ. ಅವನನ್ನು ಪ್ರಜೆಗಳು ನೇರವಾಗಿ ಮತಕೊಟ್ಟು ಆರಿಸುತ್ತಾರೆ. ಅದರಲ್ಲಿಯೂ ನ್ಯೂಯಾರ್ಕಿನ ಗವರ್ನರ್ ಪದವಿಯೆಂದರೆ ಆ ಕಾಲದಲ್ಲಿ ದೇಶದ ಅಧ್ಯಕ್ಷಪದವಿಗೆ ಒಂದು ಮೆಟ್ಟಿಲು. ಗ್ರೋವರ್ ಕ್ಲೀವ್‌ಲೆಂಡನೂ ಥಿಯೋಡೋರ್ ರೂಸ್‌ವೆಲ್ಟನೂ ಆ ಮೆಟ್ಟಿಲನ್ನು ಹತ್ತಿಯೇ ಮೇಲಕ್ಕೆ ಹೋದವರು. ಇಂಥ ಪದವಿಗೆ ನಿಲ್ಲುವವನ ಸುತ್ತ ಹಣವು ಸೇರುವುದೇನೂ ಸೋಜಿಗವಲ್ಲ.

ಆ ಹಣಕ್ಕೆ ಲೆಕ್ಕ ಕೇಳುವ ಪದ್ಧತಿಯು ನ್ಯೂಯಾರ್ಕಿನಲ್ಲಿ ಬಂದುದು ಸುಲಭವಾಗಿ ಅಲ್ಲ. ಉಮೇದುವಾರರು ಖರ್ಚಿನ ಲೆಕ್ಕವನ್ನು ಒಪ್ಪಿಸಬೇಕೆಂಬ ಕಾನೂನು 1890ರಲ್ಲಿಯೇ ಹುಟ್ಟಿತು. ಆದರೆ ಅದು ಹೆಸರಿಗೆ ಮಾತ್ರ ಕಾನೂನಾಗಿದ್ದಿತು. 1905ರಲ್ಲಿ ಅಲ್ಲಿಯ ದೊಡ್ಡ ಜೀವವಿಮಾ ಕಂಪೆನಿಗಳ ವಿಚಾರಣೆ ನಡೆಯಿತು. ಆಗ ಚಾರ್ಲ್ಸ್ ಎವನ್ಸ್ ಹ್ಯೂಸ್ ಎಂಬ ವಕೀಲನು ಒಂದೊಂದೇ ಪ್ರಶ್ನೆ ಹಾಕುತ್ತ, ಆ ಕಂಪೆನಿಗಳು ಚುನಾವಣೆಯ ಖರ್ಚಿಗೆ ಸಾವಿರಾರು ಡಾಲರುಗಳನ್ನು ಗುಟ್ಟಾಗಿ ಕೊಟ್ಟಿದ್ದುದನ್ನು ಹೊರಗೆಡವಿದನು. ಆ ಹಣವು ಕಂಪೆನಿಯ ಧಣಿಗಳದಲ್ಲ. ವಿಧವೆಯರಿಗೂ ಮಕ್ಕಳಿಗೂ ಆಸರೆಯಾಗಲೆಂದು ಸಂಸಾರಿಗಳು ಕಟ್ಟಿದ ಕಂತಿನ ಹಣ. ಜನರು ಕೆರಳಿದರು. ಮರುವರ್ಷ ಹ್ಯೂಸನು ಗವರ್ನರನಾಗಿ ಆಯ್ಕೆಯಾದನು. ಅದೇ 1906ರಲ್ಲಿ ಲೆಕ್ಕಪತ್ರದ ಕಾನೂನು ಬಿಗಿಯಾಯಿತು. 1907ರಲ್ಲಿ ಕಂಪೆನಿಗಳು ದೇಶದ ಚುನಾವಣೆಗಳಿಗೆ ಹಣ ಕೊಡಕೂಡದೆಂದು ಕೇಂದ್ರದ ಶಾಸನಸಭೆಯೂ ವಿಧಿಸಿತು. ಸುಲ್ಜರನು ರುಜು ಹಾಕಿದ ಪ್ರಮಾಣವಚನವು ಈ ಕೋಪದಿಂದ ಹುಟ್ಟಿದ ಪ್ರಮಾಣವಚನ.

ಸುಲ್ಜರನ ಪಕ್ಷವು ಡೆಮೊಕ್ರಾಟರದು. ನ್ಯೂಯಾರ್ಕ್ ನಗರದಲ್ಲಿ ಆ ಪಕ್ಷವೆಂದರೆ ಟಾಮನಿ ಹಾಲ್ ಎಂಬ ಸಂಘ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗೆಳೆಯರ ಕೂಟವಾಗಿ ಹುಟ್ಟಿದ ಈ ಸಂಘವು ನೂರು ವರ್ಷಗಳಲ್ಲಿ ನಗರವನ್ನೇ ನುಂಗಿಕೊಂಡಿದ್ದಿತು. ಹಡಗಿನಿಂದ ಇಳಿದ ಬಡ ಐರಿಷನಿಗೋ ಯೆಹೂದ್ಯನಿಗೋ ಕೆಲಸ ಕೊಡಿಸುವುದು, ಚಳಿಗಾಲದಲ್ಲಿ ಕಲ್ಲಿದ್ದಲು ಹಂಚುವುದು, ಪೋಲೀಸಿನವರಿಂದ ಬಿಡಿಸಿಕೊಂಡು ಬರುವುದು, ಇದೆಲ್ಲ ಅದರ ದಿನದ ಕೆಲಸ. ಅದಕ್ಕೆ ಪ್ರತಿಯಾಗಿ ಅದು ಕೇಳುತ್ತಿದ್ದುದು ಮತ. ಮತದಿಂದ ಅಧಿಕಾರ, ಅಧಿಕಾರದಿಂದ ರಸ್ತೆ, ಸೇತುವೆ, ಕಾಲುವೆಗಳ ಗುತ್ತಿಗೆ. 1902ರಿಂದ ಈ ಸಂಘಕ್ಕೆ ಚಾರ್ಲ್ಸ್ ಮರ್ಫಿ ಎಂಬವನು ಧಣಿಯಾಗಿದ್ದನು. ಹಿಂದೆ ಹೆಂಡದಂಗಡಿ ನಡೆಸಿದವನು, ಬಲು ಮಿತಭಾಷಿ. ಶಾಸನಸಭೆಯಲ್ಲಿ ಅವನಿಗೆ ಆಸನವಿರಲಿಲ್ಲ. ಅವನ ಮಾತಿಗೆ ಮಾತ್ರ ಎರಡು ಸಭೆಗಳಲ್ಲಿಯೂ ಆಸನವಿದ್ದಿತು.

ಸುಲ್ಜರನು ಬೆಳೆದುದು ಈ ಮನೆಯ ಅನ್ನದಲ್ಲಿಯೇ. 1863ರಲ್ಲಿ ನ್ಯೂಜರ್ಸಿಯಲ್ಲಿ ಹುಟ್ಟಿ, ವಕೀಲನಾಗಿ, 1890ರಿಂದ ಸಂಸ್ಥಾನದ ಕೆಳಮನೆಯ ಸದಸ್ಯನಾಗಿ, 1893ರಲ್ಲಿ ಅದರ ಅಧ್ಯಕ್ಷನೂ ಆಗಿ, 1895ರಿಂದ ಹದಿನೆಂಟು ವರ್ಷ ವಾಷಿಂಗ್ಟನ್ನಿನ ಪ್ರತಿನಿಧಿಸಭೆಯಲ್ಲಿ ಕುಳಿತವನು. ಎತ್ತರದ ಆಳು, ಹಳೆಯ ಕಾಲದ ರಾಜಕಾರಣಿ ಹೆನ್ರಿ ಕ್ಲೇಯ ಹೋಲಿಕೆ ತನ್ನ ಮುಖದಲ್ಲಿದೆಯೆಂದು ಜನರು ಹೇಳುವುದನ್ನು ಕೇಳಿ ಕೂದಲನ್ನೂ ಉಡುಪನ್ನೂ ಅದಕ್ಕೆ ತಕ್ಕಂತೆ ತಿದ್ದಿಕೊಂಡವನು. ವೇದಿಕೆಯ ಮೇಲೆ ನಿಂತರೆ ಮಾತು ಹೊಳೆಯಂತೆ ಹರಿಯುತ್ತಿದ್ದಿತು. ಇಷ್ಟಕ್ಕೇ ಅವನನ್ನು ಬರಿಯ ವೇಷಧಾರಿಯೆನ್ನುವುದು ನ್ಯಾಯವಲ್ಲ. ಅಮೆರಿಕದ ಪ್ರಜೆಗಳಾದ ಯೆಹೂದ್ಯರ ರಹದಾರಿ ಪತ್ರಗಳನ್ನು ರಷ್ಯದ ಚಕ್ರವರ್ತಿಯ ಸರಕಾರವು ಮನ್ನಿಸದೆ ಇದ್ದಾಗ, ಆ ದೇಶದೊಡನೆ 1832ರಿಂದ ಇದ್ದ ಒಪ್ಪಂದವನ್ನು ಕೊನೆಗಾಣಿಸಬೇಕೆಂಬ ನಿರ್ಣಯವನ್ನು 1911ರಲ್ಲಿ ಪರರಾಷ್ಟ್ರ ವ್ಯವಹಾರಗಳ ಸಮಿತಿಯ ಅಧ್ಯಕ್ಷನಾಗಿ ಮುಂದೆ ತಂದವನು ಆತನೇ. ನ್ಯೂಯಾರ್ಕಿನ ಪೂರ್ವಭಾಗದ ಬಡ ಕೇರಿಗಳಲ್ಲಿ ಅವನ ಹೆಸರು ಮನೆಮಾತಾಗಿದ್ದಿತು.

1912ರ ಅಕ್ಟೋಬರಿನಲ್ಲಿ ಸಿರಕ್ಯೂಸ್ ಪಟ್ಟಣದಲ್ಲಿ ಕೂಡಿದ ಪಕ್ಷದ ಮಹಾಸಭೆಯು ಸುಲ್ಜರನನ್ನು ಗವರ್ನರ್ ಪದವಿಗೆ ಉಮೇದುವಾರನನ್ನಾಗಿ ನಿಲ್ಲಿಸಿತು. ಮರ್ಫಿಯ ಒಪ್ಪಿಗೆಯಿಲ್ಲದೆ ಇದು ಆಗುವ ಮಾತಲ್ಲ. ಆ ವರ್ಷ ರೂಸ್‌ವೆಲ್ಟನು ರಿಪಬ್ಲಿಕನ್ ಪಕ್ಷವನ್ನು ಒಡೆದು ಹೊಸ ಪಕ್ಷವನ್ನು ಕಟ್ಟಿದ್ದುದರಿಂದ ಎದುರಾಳಿಗಳು ಇಬ್ಬರಾದರು: ರಿಪಬ್ಲಿಕನ್ನರ ಜಾಬ್ ಹೆಡ್ಜಸ್, ಹೊಸ ಪಕ್ಷದ ಆಸ್ಕರ್ ಸ್ಟ್ರಾಸ್. ಸುಲ್ಜರನು ಎರಡನೆಯವನಿಗಿಂತ ಎರಡು ಲಕ್ಷ ಮತಗಳಷ್ಟು ಮುಂದೆ ಬಂದು ಗೆದ್ದನು.

1913ರ ಜನವರಿ 1ರಂದು ಅಧಿಕಾರವನ್ನು ವಹಿಸಿಕೊಂಡವನು ಮೊದಲು ಮಾಡಿದುದು ಹೆಸರುಗಳ ಬದಲಾವಣೆ. ಆಲ್ಬನಿ ರಾಜಧಾನಿಯಲ್ಲಿ ಗವರ್ನರನ ಬಂಗಲೆಗೆ ‘ಪ್ರಜೆಗಳ ಮನೆ’ಯೆಂದು ಹೆಸರಿಟ್ಟನು, ಸೈನ್ಯದ ಮೆರವಣಿಗೆಯನ್ನು ಬಿಟ್ಟು ಕಾಲ್ನಡಿಗೆಯಿಂದ ಪ್ರಮಾಣವಚನಕ್ಕೆ ಹೋದನು. ಟಾಮನಿಯವರು ಇದನ್ನು ಕಂಡು ನಕ್ಕಿರಬೇಕು. ಆದರೆ ಒಂದೆರಡು ತಿಂಗಳಲ್ಲಿ ನಗುವ ಹೊತ್ತು ಕಳೆಯಿತು. ರಸ್ತೆಗಳ ಗುತ್ತಿಗೆಯಲ್ಲಿ ನಡೆದ ಕಳವನ್ನು ಬಗೆಯಲು ಜಾನ್ ಹೆನ್ನೆಸಿಯೆಂಬವನನ್ನೂ, ಸೆರೆಮನೆಗಳ ಆಡಳಿತವನ್ನು ನೋಡಲು ಜಾರ್ಜ್ ಬ್ಲೇಕ್ ಎಂಬವನನ್ನೂ ಆತನು ನೇಮಿಸಿದನು. ಸಂಸ್ಥಾನದ ರಸ್ತೆಗಳಿಗೆ ಆಗ ಕೋಟಿಗಟ್ಟಲೆ ಡಾಲರು ವೆಚ್ಚವಾಗುತ್ತಿದ್ದಿತು. ಆ ಇಲಾಖೆಯ ಮುಖ್ಯಸ್ಥಾನಕ್ಕೆ ಗುತ್ತಿಗೆಯ ವ್ಯಾಪಾರದಲ್ಲಿ ತನ್ನವನಾದ ಜೇಮ್ಸ್ ಗ್ಯಾಫ್ನಿಯನ್ನೇ ಹಾಕಬೇಕೆಂದು ಮರ್ಫಿಯು ಕೇಳಿದನೆಂದೂ, ಇಲ್ಲವಾದರೆ ಯುದ್ಧವೇ ಸರಿಯೆಂದು ಎಚ್ಚರಿಸಿದನೆಂದೂ ಸುಲ್ಜರನು ತರುವಾಯ ಹೇಳಿದನು. ಹೇಳಿದವನು ಸುಲ್ಜರನೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಗ್ಯಾಫ್ನಿಗೆ ಆ ಸ್ಥಾನವು ಸಿಕ್ಕಲಿಲ್ಲವೆಂಬುದು ಮಾತ್ರ ನಿಶ್ಚಯ.

ಜಗಳಕ್ಕೆ ಮುಖ್ಯವಾದ ಕಾರಣ ಬೇರೆ. ಉಮೇದುವಾರರನ್ನು ಸಿರಕ್ಯೂಸಿನಂಥ ಮಹಾಸಭೆಗಳಲ್ಲಿ ಧಣಿಗಳು ನಿಲ್ಲಿಸುವ ಪದ್ಧತಿಯನ್ನು ತೆಗೆದು, ಪಕ್ಷದ ಸಾಮಾನ್ಯ ಮತದಾರರೇ ಮತಕೊಟ್ಟು ಉಮೇದುವಾರನನ್ನು ಆರಿಸುವಂತೆ ಮಾಡುವ ಮಸೂದೆಯೊಂದನ್ನು ಸುಲ್ಜರನು ಕೈಗೆತ್ತಿಕೊಂಡನು. ಮರ್ಫಿಯ ಕೈಯಲ್ಲಿದ್ದ ಬೀಗದ ಕೈಯೇ ಅದು. ಶಾಸನಸಭೆಯು ತನಗೆ ಒಪ್ಪುವಂಥ ಸಡಿಲವಾದ ಮಸೂದೆಯನ್ನು ಕಳುಹಿಸಿತು; ಗವರ್ನರನು ಅದನ್ನು ತಳ್ಳಿಹಾಕಿದನು. ಗವರ್ನರನ ಮಸೂದೆಯನ್ನು ಸಭೆಯು ತಳ್ಳಿಹಾಕಿತು. ಆತನು ಊರೂರಿಗೆ ಹೋಗಿ ಭಾಷಣಮಾಡಿದನು. ತನ್ನ ಮಸೂದೆಯನ್ನು ವಿರೋಧಿಸುವ ಸದಸ್ಯರ ಊರುಗಳಿಗೆ ಸಂಬಂಧಿಸಿದ ಕಾನೂನುಗಳಿಗೆ ಒಪ್ಪಿಗೆ ಕೊಡುವುದಿಲ್ಲವೆಂದು ಹೆದರಿಸಿದನೆಂಬ ದೂರೂ ಹುಟ್ಟಿತು. ಜೂನ್ ತಿಂಗಳಿನಲ್ಲಿ ಈ ಮಸೂದೆಗಾಗಿಯೇ ವಿಶೇಷ ಅಧಿವೇಶನವನ್ನು ಕರೆದನು. ತಾನು ಕರೆದ ಆ ಅಧಿವೇಶನವೇ ತನ್ನ ತಲೆಯನ್ನು ತೆಗೆಯುವುದೆಂದು ಅವನಿಗೆ ಹೊಳೆದಿರಲಾರದು.

ಸೆನೆಟರ್ ಜೇಮ್ಸ್ ಫ್ರಾಲಿಯ ಅಧ್ಯಕ್ಷತೆಯಲ್ಲಿ ಎರಡು ಸಭೆಗಳ ಒಂದು ಸಮಿತಿಯು ಆಗ ಇದ್ದಿತು. ಅದು ಜುಲೈ ಕೊನೆಯಿಂದ ಆಗಸ್ಟ್ ಮೊದಲಿನವರೆಗೆ ಗವರ್ನರನ ಚುನಾವಣೆಯ ಲೆಕ್ಕದ ಕಡೆಗೆ ತಿರುಗಿತು. ಬ್ಯಾಂಕುಗಳಿಂದಲೂ ಷೇರು ದಲಾಲರಿಂದಲೂ ಪುಸ್ತಕಗಳನ್ನು ತರಿಸಿತು. 5,460 ಡಾಲರಿನ ಆ ಸರಳವಾದ ಹಾಳೆಯ ಹಿಂದೆ ಇನ್ನೊಂದು ಹಾಳೆಯಿದ್ದುದು ಆಗ ಕಾಣಿಸಿತು.

ಹೇಳದೆ ಬಿಟ್ಟ ದೇಣಿಗೆಗಳಲ್ಲಿ ದೋಷಾರೋಪಣೆಯ ಮೊದಲನೆಯ ಕಲಮಿನಲ್ಲಿ ಎಣಿಸಿದವು ಹನ್ನೊಂದು. ಮೊತ್ತ 8,500 ಡಾಲರು. ಎಂದರೆ ಹೇಳಿದುದಕ್ಕಿಂತ ಹೇಳದುದೇ ಹೆಚ್ಚು. ಕೊಟ್ಟವರು ಗುಟ್ಟಿನವರಲ್ಲ, ಊರಿಗೆ ಗೊತ್ತಿದ್ದ ದೊಡ್ಡ ಮನುಷ್ಯರು. ಪ್ರಸಿದ್ಧ ಸಾಹುಕಾರ ಜೇಕಬ್ ಷಿಫ್ 2,500. ಆ ವರ್ಷವೇ ಟರ್ಕಿಗೆ ರಾಯಭಾರಿಯಾಗಿ ಹೋಗಲಿದ್ದ ಹೆನ್ರಿ ಮಾರ್ಗೆಂಥೋ 1,000. ಅಧ್ಯಕ್ಷ ವಿಲ್ಸನನ ಚುನಾವಣೆಯನ್ನು ನಡೆಸಿದ ವಿಲಿಯಂ ಮೆಕೂಂಬ್ಸ್ 500. ವಕೀಲ ಏಬ್ರಂ ಎಲ್ಕಸ್ 500. ಆ ಕಾಲದ ವಿನಿಮಯದಲ್ಲಿ ಡಾಲರಿಗೆ ಮೂರು ರೂಪಾಯಿಗೆ ತುಸು ಮೇಲೆ. ಷಿಫ್ಫನ ಒಂದು ಚೆಕ್ಕೇ ಏಳು ಸಾವಿರ ರೂಪಾಯಿಗೆ ಮೀರಿದುದು. ಆ ಚೆಕ್ಕು ಸುಲ್ಜರನ ಹೆಸರಿನಲ್ಲಿರಲಿಲ್ಲ. ಅವನ ಕಾರ್ಯದರ್ಶಿ ಲೂಯಿ ಸರೆಕಿಯ ಹೆಸರಿನಲ್ಲಿದ್ದಿತು. ಈ ಸರೆಕಿಗೆ ಹೊಸ ಗವರ್ನರನು ಬಂದಮೇಲೆ ವರ್ಷಕ್ಕೆ 4,000 ಡಾಲರಿನ ಸರಕಾರಿ ಕೆಲಸವೊಂದು ದೊರೆಯಿತು.

ಹಣವು ಹೋದುದೆಲ್ಲಿಗೆ? ಚುನಾವಣೆಯ ಭಿತ್ತಿಪತ್ರಕ್ಕೂ ಸಭಾಮಂಟಪಕ್ಕೂ ಅಲ್ಲ. ಚುನಾವಣೆಯು ನಡೆಯುತ್ತಿರುವಾಗಲೇ ಫ್ರೆಡರಿಕ್ ಕಾಲ್ವೆಲ್ ಎಂಬವನ ಮುಖಾಂತರ ‘ಬಿಗ್ ಫೋರ್’ ಎಂದು ಹೆಸರಾದ ರೈಲು ಕಂಪೆನಿಯ 200 ಷೇರುಗಳನ್ನು ಕೊಂಡಿದ್ದರು. ಅವುಗಳ ಬೆಲೆ 12,000 ಡಾಲರಿನ ಆಸುಪಾಸು. ಬಹುಭಾಗವು ರೊಕ್ಕವಾಗಿ ಸಂದಿದ್ದಿತು. ಇನ್ನೊಬ್ಬ ದಲಾಲನಲ್ಲಿ ಸುಲ್ಜರನದೇ ಹಳೆಯ ಸಾಲದ ಖಾತೆಯೊಂದಿದ್ದಿತು. ಅದಕ್ಕೆ ಹೆಸರಿಲ್ಲ, 500 ಎಂಬ ಅಂಕೆ ಮಾತ್ರ. ಪುಸ್ತಕದಲ್ಲಿ ಹೆಸರಿನ ಬದಲು ಅಂಕೆಯನ್ನು ಕಂಡ ಸಮಿತಿಯವರಿಗೆ ಆದ ಸಂತೋಷವನ್ನು ಊಹಿಸಬಹುದು. 1913ರ ಜನವರಿಯಲ್ಲಿ ಷೇರುಪೇಟೆಯ ಮೋಸಗಳನ್ನು ತಡೆಯಲು ಕಾನೂನು ಬೇಕೆಂದು ಶಾಸನಸಭೆಗೆ ಬರೆದಿದ್ದ ಗವರ್ನರನಿಗೆ ಅದೇ ಪೇಟೆಯಲ್ಲಿ ಅಂಕೆಯ ಮರೆಯಲ್ಲಿ ವ್ಯಾಪಾರವಿದ್ದಿತು!

ಸಮಿತಿಯ ವರದಿಯು ಆಗಸ್ಟ್ 11ರಂದು ಸಭೆಯ ಮುಂದೆ ಬಂದಿತು. ಎರಡು ರಾತ್ರಿಗಳ ಗದ್ದಲ. ಕೆಳಮನೆಯಲ್ಲಿ ಟಾಮನಿಯವರ ಮುಖಂಡ ಏರನ್ ಲೆವಿ. ಅಧ್ಯಕ್ಷಪೀಠದಲ್ಲಿ ಆಲ್ಫ್ರೆಡ್ ಸ್ಮಿತ್. ಈ ಸ್ಮಿತ್ತನೇ ಮುಂದೆ ನ್ಯೂಯಾರ್ಕಿನ ಒಳ್ಳೆಯ ಗವರ್ನರುಗಳಲ್ಲಿ ಒಬ್ಬನೆಂದು ಹೆಸರು ಪಡೆದವನು. ಆ ರಾತ್ರಿ ಮಾತ್ರ ಅವನು ಮರ್ಫಿಯ ಸಿಪಾಯಿ. ಮತಗಳನ್ನು ಕೂಡಿಸಲು ಸದಸ್ಯರನ್ನು ಹಿಡಿದು ತರಬೇಕಾಯಿತು. ನಡುವೆ ಇನ್ನೊಂದು ಸುದ್ದಿ ಹಬ್ಬಿತು: ಗವರ್ನರನ ಹೆಂಡತಿ ಕ್ಲಾರಾ ಸುಲ್ಜರಳು, ದೇಣಿಗೆಯ ಹಣವನ್ನು ಷೇರುಗಳಲ್ಲಿ ತೊಡಗಿಸಿದವಳು ತಾನೇ, ಗಂಡನಿಗೆ ಇದು ತಿಳಿಯದು, ಎಂದು ಒಪ್ಪಿಕೊಂಡಿದ್ದಾಳೆಂಬುದು. ಆಕೆಯು ಹಾಗೆ ಹೇಳಿ ಹಾಸಿಗೆ ಹಿಡಿದಳು. ಪತಿಯನ್ನು ಉಳಿಸಿಕೊಳ್ಳಲು ಹೆಂಗಸೊಬ್ಬಳು ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡುದನ್ನು ಕಂಡು ಮರುಗಿದವರುಂಟು. ಅದನ್ನು ಹೊರಲು ಬಿಟ್ಟ ಗಂಡನನ್ನು ಕುರಿತು ಬೇರೆ ಮಾತಾಡಿದವರೂ ಉಂಟು. ಸಭೆಯು ಕಾಯಲಿಲ್ಲ. ಆಗಸ್ಟ್ 13ರ ಬೆಳಗಿನ ಜಾವ ಐದು ಗಂಟೆಯ ಹೊತ್ತಿಗೆ 79 ಮತಗಳು ಪರವಾಗಿಯೂ 45 ಮತಗಳು ವಿರೋಧವಾಗಿಯೂ ಬಿದ್ದು ದೋಷಾರೋಪಣೆಯು ಅಂಗೀಕೃತವಾಯಿತು. ಬೇಕಾಗಿದ್ದುದು 76.

ಆ ಬೆಳಗಿನಿಂದ ನ್ಯೂಯಾರ್ಕಿಗೆ ಇಬ್ಬರು ಗವರ್ನರುಗಳು. ಆರೋಪಿತನು ತೀರ್ಪಾಗುವವರೆಗೆ ಅಧಿಕಾರ ನಡೆಸಕೂಡದೆಂದು ಉಪಗವರ್ನರ್ ಮಾರ್ಟಿನ್ ಗ್ಲಿನ್ ಹೇಳಿದನು. ವಿಶೇಷ ಅಧಿವೇಶನದಲ್ಲಿ ಗವರ್ನರನು ಸೂಚಿಸಿದ ವಿಷಯವನ್ನಲ್ಲದೆ ಬೇರೆಯದನ್ನು ಎತ್ತಲು ಸಭೆಗೆ ಅಧಿಕಾರವೇ ಇಲ್ಲ, ಆದುದರಿಂದ ಆರೋಪಣೆಯೇ ಅಸಿಂಧು, ಎಂದು ಸುಲ್ಜರನು ಕಚೇರಿಯನ್ನು ಬಿಡದೆ ಕುಳಿತನು. ಆ ದಿನಗಳಲ್ಲಿ ಸೆರೆಯಲ್ಲಿದ್ದ ಸಾಹುಕಾರನೊಬ್ಬನಿಗೆ ಸುಲ್ಜರನು ಕ್ಷಮಾಪತ್ರವನ್ನು ಬರೆದುಕೊಟ್ಟನು. ಅದು ಸಲ್ಲದೆಂದು ನ್ಯಾಯಾಲಯವು ಹೇಳಿತು. ಆಡಳಿತವು ಮೆಲ್ಲಗೆ ಗ್ಲಿನ್ನನ ಕಡೆಗೆ ಸರಿಯಿತು.

ಸಪ್ಟೆಂಬರ್ 18ರಂದು ವಿಚಾರಣೆಯ ಮಹಾನ್ಯಾಯಾಲಯವು ಕೂಡಿತು. ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಮೇಲ್ಮನೆಯ ಸೆನೆಟರುಗಳೂ ಒಟ್ಟಿಗೆ ಕುಳಿತು ತೀರ್ಪು ಕೊಡುವ ಸಭೆ ಇದು. ಅಧ್ಯಕ್ಷನು ಮುಖ್ಯ ನ್ಯಾಯಾಧೀಶ ಎಡ್ಗರ್ ಕಲೆನ್. ಆರೋಪಿಸಿದವರ ಕಡೆಗೆ ವಕೀಲರಲ್ಲಿ ಹಿರಿಯನು ಆಲ್ಟನ್ ಪಾರ್ಕರ್. 1904ರಲ್ಲಿ ಅಧ್ಯಕ್ಷಪದವಿಗೆ ನಿಂತು ಸೋತವನು. ಆಗ ದೊಡ್ಡ ಕಂಪೆನಿಗಳ ಹಣವು ಎದುರಾಳಿಗೆ ಸೇರುತ್ತಿದೆಯೆಂದು ಊರೆಲ್ಲ ಕೂಗಿ ಹೇಳಿದವನು. ಸುಲ್ಜರನ ಕಡೆಗೆ ಲೂಯಿ ಮಾರ್ಷಲ್, ಕೇಡಿ ಹೆರಿಕ್ ಮೊದಲಾದವರು. ಇವರು ಮೊದಲ ದಿನಗಳಲ್ಲಿಯೇ ಒಂದು ಆಕ್ಷೇಪಣೆಯನ್ನು ಎತ್ತಿದರು. ಗವರ್ನರನ ಮೇಲೆ ಸಾಕ್ಷ್ಯವನ್ನು ಕೂಡಿಸಿದ ಫ್ರಾಲಿಯೂ ಅವನ ಸಮಿತಿಯ ಸೆನೆಟರುಗಳೂ ಈಗ ನ್ಯಾಯಾಧಿಪತಿಗಳ ಸಾಲಿನಲ್ಲಿ ಕುಳಿತಿದ್ದಾರೆ, ಗವರ್ನರನು ಹೋದರೆ ಉಪಗವರ್ನರನ ಕೆಲಸವು ಯಾರಿಗೆ ಬರುವುದೋ ಆ ರಾಬರ್ಟ್ ವಾಗ್ನರನೂ ಕುಳಿತಿದ್ದಾನೆ, ಇವರು ಏಳಬೇಕು. ಆಕ್ಷೇಪಣೆಯು ನಿಲ್ಲಲಿಲ್ಲ. ಯಾರೂ ಏಳಲಿಲ್ಲ.

ಸಾಕ್ಷಿಗಳು ಬಂದರು. ಲೋಕೋಪಯೋಗಿ ಇಲಾಖೆಯ ಮುಖ್ಯಾಧಿಕಾರಿ ಡಂಕನ್ ಪೆಕ್ ಎಂಬವನ ಮಾತು ಇವುಗಳಲ್ಲೆಲ್ಲ ಭಾರವಾದುದು. ಅವನು ಸುಲ್ಜರನಿಗೆ 500 ಡಾಲರು ಕೊಟ್ಟಿದ್ದನು. ಸಮಿತಿಯಿಂದ ತನಗೆ ಕಾಗದ ಬಂದಾಗ ಅದನ್ನು ಗವರ್ನರನಿಗೆ ತೋರಿಸಿ, ಏನು ಮಾಡಲೆಂದು ಕೇಳಿದನಂತೆ. ಕೊಟ್ಟೇ ಇಲ್ಲವೆನ್ನು, ನಾನೂ ಹಾಗೆಯೇ ಹೇಳುವವನು, ಎಂದು ಉತ್ತರ. ನಾನು ಪ್ರಮಾಣ ಮಾಡಿ ಹೇಳಬೇಕಲ್ಲ, ಎಂದು ಪೆಕ್ಕನು ಅಂದುದಕ್ಕೆ, ಅದೇನೂ ದೊಡ್ಡದಲ್ಲ, ಮರೆತುಬಿಡು, ಎಂದು ಗವರ್ನರನು ಹೇಳಿದನಂತೆ. ಮಾರ್ಗೆಂಥೋವೂ ಬಂದು, ಸಾಕ್ಷಿ ಹೇಳುವಾಗ ತನ್ನ ಮೇಲೆ ಮೆತ್ತಗೆ ಇರಬೇಕೆಂದು ಸುಲ್ಜರನು ತನ್ನನ್ನು ಕೇಳಿಕೊಂಡುದನ್ನು ತಿಳಿಸಿದನು. ವಿಚಾರಣೆಯ ನಡುವೆ ಇನ್ನೂ ದೊಡ್ಡದೊಂದು ಗಂಟು ಬಿಚ್ಚಿತು: ಟ್ರಾಮು, ಹೊಗೆಸೊಪ್ಪು, ವಿಮೆ ಇವುಗಳಿಂದ ಕುಬೇರನಾದ ಥಾಮಸ್ ರಯನ್ 10,000 ಡಾಲರನ್ನು ಸಾವಿರದ ಹತ್ತು ನೋಟುಗಳಾಗಿ ಕಳುಹಿಸಿದ್ದನು. 1904ರಲ್ಲಿ ಪಾರ್ಕರನ ಚುನಾವಣೆಗೆ ದೊಡ್ಡ ಮೊತ್ತವನ್ನು ಕೊಟ್ಟವನೂ ಈ ರಯನ್ನನೇ ಎಂಬುದನ್ನು ಬಲ್ಲವರು ಆ ದಿನ ಸಭಾಂಗಣದಲ್ಲಿ ಪಾರ್ಕರನ ಮುಖವನ್ನು ನೋಡಿರಬಹುದು.

ಲೆಕ್ಕಪತ್ರವನ್ನು ಬರೆದವನು ತಾನು, ಗವರ್ನರನು ನಂಬಿ ರುಜು ಹಾಕಿದನೆಂದು ಸರೆಕಿಯು ಹೇಳಿದನು. ಸುಲ್ಜರನು ಮಾತ್ರ ಸಾಕ್ಷಿಕಟ್ಟೆಯನ್ನು ಹತ್ತಲಿಲ್ಲ. ಹತ್ತಿ ಎಲ್ಲವನ್ನೂ ಹೇಳುವೆನೆಂದು ಪತ್ರಿಕೆಗಳಿಗೆ ಮುಂಚೆ ಹೇಳುತ್ತಿದ್ದವನು, ಹದಿನೆಂಟು ವರ್ಷ ಮಾತಿನಿಂದಲೇ ಬಾಳಿದವನು, ಆ ಒಂದು ಕಡೆಯಲ್ಲಿ ಮೂಕನಾದನು. ಪೆಕ್ಕನ ಮಾತನ್ನು ಅಲ್ಲಗಳೆಯಲು ಅವನೊಬ್ಬನಲ್ಲದೆ ಬೇರೆ ಯಾರೂ ಇರಲಿಲ್ಲ. ಆ ಮೌನವೇ ಅವನನ್ನು ಕೆಡಿಸಿತೆಂದರೆ ತಪ್ಪಾಗದು.

ಕಾನೂನಿನ ಪ್ರಶ್ನೆಯೊಂದು ಉಳಿದಿದ್ದಿತು, ಅದು ಹಗುರವಾದುದಲ್ಲ. ಸುಳ್ಳು ಲೆಕ್ಕಕ್ಕೆ ರುಜು ಹಾಕಿದಾಗ ಸುಲ್ಜರನು ಗವರ್ನರನಾಗಿರಲಿಲ್ಲ. ಅಧಿಕಾರ ವಹಿಸಿದುದು ಏಳು ವಾರಗಳ ತರುವಾಯ. ಪದವಿಗೆ ಬರುವ ಮುಂಚೆ ಮಾಡಿದ ತಪ್ಪಿಗೆ ಪದವಿಯಿಂದ ತೆಗೆಯಬಹುದೇ? ಕೂಡದು, ಅದಕ್ಕೆ ಸಾಮಾನ್ಯ ನ್ಯಾಯಾಲಯಗಳಿವೆ, ಎಂದು ಮಾರ್ಷಲನ ವಾದ. ಆ ಹಾಳೆಯು ಪದವಿಗೆ ಬರುವ ಬಾಗಿಲೇ ಆಗಿರುವಾಗ ಬಾಗಿಲು ಬೇರೆ ಮನೆ ಬೇರೆ ಎನ್ನುವುದೆಂತು, ಎಂಬುದು ಎದುರು ವಾದ. ಕಲೆನನು ಈ ವಿಷಯದಲ್ಲಿ ಸುಲ್ಜರನ ವಕೀಲರ ಪಕ್ಷವನ್ನೇ ಹಿಡಿದನು. ಅಧಿಕಾರದಲ್ಲಿಲ್ಲದಾಗ ಮಾಡಿದ ಕೆಲಸಕ್ಕೆ ಅಧಿಕಾರಿಯನ್ನು ಹೀಗೆ ಆರೋಪಿಸಿದುದು ಹಿಂದೆ ನಡೆದಿಲ್ಲವೆಂದು ಬರೆದನು. ಸುಲ್ಜರನ ನಡತೆ ನಿರ್ಮಲವೆಂದು ಮಾತ್ರ ಅವನು ಎಲ್ಲಿಯೂ ಹೇಳಲಿಲ್ಲ. ಹೆಚ್ಚಿನವರು ಅವನ ಮಾತನ್ನು ಒಪ್ಪಲಿಲ್ಲ.

ಅಕ್ಟೋಬರ್ 16ರಿಂದ 17ರವರೆಗೆ ಮತದಾನ. ಎಂಟು ಕಲಮುಗಳಲ್ಲಿ ಸುಳ್ಳು ಲೆಕ್ಕವೆಂಬ ಮೊದಲನೆಯದಕ್ಕೂ ಸುಳ್ಳು ಪ್ರಮಾಣವೆಂಬ ಎರಡನೆಯದಕ್ಕೂ 39 ಮಂದಿ ದೋಷಿಯೆಂದರು, 18 ಮಂದಿ ಅಲ್ಲವೆಂದರು. ಸಾಕ್ಷ್ಯವನ್ನು ಅಡಗಿಸಿದನೆಂಬ ನಾಲ್ಕನೆಯದಕ್ಕೆ 43 ಮತ್ತು 14. ಉಳಿದ ಐದರಲ್ಲಿ ಬಿಡುಗಡೆಯಾಯಿತು. ದೇಣಿಗೆಯ ಹಣವನ್ನು ಕದ್ದನೆಂಬ ಆರನೆಯ ಕಲಮೂ ಬಿದ್ದುಹೋಯಿತು. ಕೊಟ್ಟವರು ಇಂಥದಕ್ಕೇ ಎಂದು ಕಟ್ಟುಮಾಡದೆ ಕೊಟ್ಟ ಹಣವು ಕಳವಾಗುವುದೆಂತು? ಪದಚ್ಯುತಿಗೆ 43 ಮತಗಳು ಬಂದವು; ವಿರೋಧ 12. ಮುಂದೆಂದೂ ಪದವಿಯನ್ನು ಹಿಡಿಯಕೂಡದೆಂಬ ಶಿಕ್ಷೆಗೆ ಮಾತ್ರ ಒಂದು ಮತವೂ ಬೀಳಲಿಲ್ಲ. ಈ ಕೊನೆಯ ಮತದಾನದಲ್ಲಿ ಸೆನೆಟರುಗಳ ಮನಸ್ಸು ಎಲ್ಲಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಹತ್ತು ತಿಂಗಳ ಗವರ್ನರನು ಹೋಗಬೇಕಾಗಿದ್ದಿತು, ಅಷ್ಟೇ ಬೇಕಾಗಿದ್ದುದು.

ಟಾಮನಿಯು ಸುಲ್ಜರನನ್ನು ಕೆಡವಿದುದು ಲೆಕ್ಕಪತ್ರದ ಪಾವಿತ್ರ್ಯಕ್ಕಾಗಿ ಎಂದು ಆಗಲೂ ಯಾರೂ ನಂಬಲಿಲ್ಲ. ಮಸೂದೆಯನ್ನು ಮರ್ಫಿಯ ಇಚ್ಛೆಯಂತೆ ಬಿಟ್ಟಿದ್ದರೆ, ಗ್ಯಾಫ್ನಿಗೆ ರಸ್ತೆಗಳನ್ನು ಒಪ್ಪಿಸಿದ್ದರೆ, ಆ ಹಾಳೆಯು ಕಚೇರಿಯ ಧೂಳಿನಲ್ಲಿಯೇ ಉಳಿಯುತ್ತಿದ್ದಿತು. ಆರೋಪಿಸಿದವರ ಉದ್ದೇಶವೇನೆಂಬುದು ವಿಚಾರಣೆಯ ಹೊರಗೇ ನಿಂತಿತು. ಮರ್ಫಿಯ ಸ್ವಂತ ಲೆಕ್ಕವನ್ನು ಕೇಳುವವರಿರಲಿಲ್ಲ. ಇದರಿಂದ ಸುಲ್ಜರನು ಹುತಾತ್ಮನೆಂದು ಅವನ ಅಭಿಮಾನಿಗಳು ಬರೆದರು. ಆದರೆ ಹುತಾತ್ಮನ ಕೈಯಲ್ಲಿ 500ನೆಯ ಅಂಕೆಯ ಖಾತೆಯಿರುವುದಿಲ್ಲ.

ಷಿಫ್ಫನ ಹಣವಾಗಲಿ ಮಾರ್ಗೆಂಥೋವಿನ ಹಣವಾಗಲಿ ಕೊಡುವಾಗ ಕೊಳೆಯಾಗಿರಲಿಲ್ಲ. ರಷ್ಯದ ಒಪ್ಪಂದದ ವಿಷಯದಲ್ಲಿ ಆತನು ತೋರಿದ ಧೈರ್ಯವನ್ನು ಮೆಚ್ಚಿ ಕೊಟ್ಟವರು ಇದ್ದಿರಬೇಕು. ಆ ಹೆಸರುಗಳನ್ನು ಬರೆದಿದ್ದರೆ ಯಾರೂ ಆಡುವ ಹಾಗಿರಲಿಲ್ಲ. ರಯನ್ನನ ಹತ್ತು ನೋಟುಗಳ ಮಾತು ಬೇರೆ. ಬಡವರ ಬಂಧುವೆನಿಸಿಕೊಂಡವನ ಪಟ್ಟಿಯಲ್ಲಿ ಅಂಥ ಹೆಸರನ್ನು ಬರೆದರೆ ಮತವೇ ಹೋಗುತ್ತಿದ್ದಿತೋ ಏನೋ. ಹಣಕ್ಕೆ ಕೊಳೆ ಹತ್ತಿದುದು ಬಹುಮಟ್ಟಿಗೆ ಅದನ್ನು ಮುಚ್ಚಿಟ್ಟಲ್ಲಿ. ಮುಚ್ಚಿಟ್ಟ ಮೇಲೆ ಅದು ಸುಲ್ಜರನೊಬ್ಬನ ಗುಟ್ಟಾಗಿ ಉಳಿಯಲಿಲ್ಲ. ಕಾರ್ಯದರ್ಶಿ ಬಲ್ಲ, ಕಾಲ್ವೆಲ್ ಬಲ್ಲ, ಇಬ್ಬರು ಮೂವರು ದಲಾಲರು ಬಲ್ಲರು, ಕೊಟ್ಟವರೆಲ್ಲರೂ ಬಲ್ಲರು. ಇಷ್ಟು ಮಂದಿಯ ಬಾಯಿಗೆ ಒಪ್ಪಿಸಿದ ಗುಟ್ಟನ್ನು ಬೆನ್ನಿಗೆ ಕಟ್ಟಿಕೊಂಡು ಆತನು ಮರ್ಫಿಯ ಮೇಲೆ ಯುದ್ಧಕ್ಕೆ ಹೊರಟನು. ಅವನು ಕೈಗೊಂಡ ಸುಧಾರಣೆ ನಿಜವಾದುದೇ. ಹೆನ್ನೆಸಿಯು ಬಗೆದು ತೆಗೆದ ಕಳವೂ ನಿಜ. ಅವೆಲ್ಲವೂ ಒಂದು ಸುಳ್ಳು ಹಾಳೆಯ ಮೇಲೆ ನಿಂತಿದ್ದವು.

ಮುಂದಿನ ಕಥೆ ವಿಚಿತ್ರವಾಗಿದೆ. ಪದಚ್ಯುತಿಯಾಗಿ ಮೂರು ವಾರ ತುಂಬುವ ಮೊದಲೇ ನ್ಯೂಯಾರ್ಕ್ ನಗರದ ಚುನಾವಣೆ ಬಂದಿತು. ಸುಲ್ಜರನು ಊರಿನ ಪೂರ್ವಭಾಗದಿಂದ ಕೆಳಮನೆಗೆ ನಿಂತು ಗೆದ್ದನು. ಟಾಮನಿಯ ಉಮೇದುವಾರನನ್ನು ಸೋಲಿಸಿ ಜಾನ್ ಮಿಚೆಲ್ ನಗರಾಧ್ಯಕ್ಷನಾದನು. ಅದೇ ಡಿಸೆಂಬರಿನಲ್ಲಿ, ಗ್ಲಿನ್ನನ ಆಡಳಿತದಲ್ಲಿ, ಉಮೇದುವಾರರನ್ನು ಮತದಾರರೇ ಆರಿಸುವ ಆ ಮಸೂದೆಯು ಕಾನೂನಾಯಿತು. ಯಾವುದಕ್ಕಾಗಿ ಜಗಳ ಹುಟ್ಟಿತೋ ಅದನ್ನು ಜಗಳವಾಡಿದವನು ಹೋದಮೇಲೆ ಅದೇ ಶಾಸನಸಭೆಯು ಒಪ್ಪಿಕೊಂಡಿತು. 1914ರಲ್ಲಿ ಸುಲ್ಜರನು ಮತ್ತೆ ಗವರ್ನರ್ ಪದವಿಗೆ ನಿಂತು ಸೋತನು, ಗ್ಲಿನ್ನನೂ ಸೋತನು, ರಿಪಬ್ಲಿಕನ್ನರ ಚಾರ್ಲ್ಸ್ ವಿಟ್‌ಮನ್ ಬಂದನು. ಮರ್ಫಿಯು 1924ರಲ್ಲಿ ಸಾಯುವವರೆಗೂ ಧಣಿಯಾಗಿಯೇ ಇದ್ದನು. ಸುಲ್ಜರನು ನ್ಯೂಯಾರ್ಕಿನಲ್ಲಿ ವಕೀಲಿ ನಡೆಸುತ್ತ ಉಳಿದು, 1941ರ ನವೆಂಬರ್ 6ರಂದು ಅಲ್ಲಿಯೇ ತೀರಿಕೊಂಡನು.

1914ರ ಜನವರಿಯಲ್ಲಿ ಅವನು ಕೆಳಮನೆಯ ಸದಸ್ಯನಾಗಿ ಪ್ರಮಾಣವಚನವನ್ನು ಸ್ವೀಕರಿಸಿದುದು ಆಲ್ಬನಿಯ ಆ ಸಭಾಂಗಣದಲ್ಲಿಯೇ, ಐದು ತಿಂಗಳ ಹಿಂದೆ ಬೆಳಗಿನ ಜಾವದಲ್ಲಿ 79 ಮಂದಿ ಅವನ ವಿರುದ್ಧ ಕೈಯೆತ್ತಿದ್ದ ಜಾಗದಲ್ಲಿ. ಅಧ್ಯಕ್ಷಪೀಠದಿಂದ ಇಳಿದು ಅಲ್ಪಸಂಖ್ಯಾತರ ಮುಖಂಡನಾಗಿದ್ದ ಆಲ್ಫ್ರೆಡ್ ಸ್ಮಿತ್ತನೂ ಆ ವರ್ಷ ಅದೇ ಸಭೆಯಲ್ಲಿ ಕುಳಿತಿದ್ದನು.